ಮಫ್ಲರ್ ಸುತ್ತಿದವರ ಪ್ರಶ್ನೆ: ಎಲ್ರೀ ನಿಮ್ಮ ಭೂಮಿಯ ಬಿಸಿ?

ಬೆಳಿಗ್ಗೆ ಆರೂವರೆ. ಹಾಸನದ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿ. ಕಿವಿಗೆ ಮಫ್ಲರ್ ಸುತ್ತಿಕೊಂಡು ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಟೀ ಗ್ಲಾಸನ್ನು ಎರಡೂ ಅಂಗೈಯಲ್ಲಿ ಅವುಚಿ ಹಿಡಿದು ನಮ್ಮನ್ನು ತರಾಟೆಗೆ ತೆಗೆದುಕೊಂಡರು.

“ಏನ್ ಸ್ವಾಮಿ, ಪೇಪರಿನವರು ಭೂಮಿ ಬಿಸಿಯಾಯ್ತು, ಬಿಸಿಯಾಯ್ತು ಅಂತ ಬಡ್ಕೊಳ್ತೀರಿ. ಇಲ್ಲಿ ನೋಡಿದ್ರೆ ಹಲ್ಲು ಕಟಕಟ ಅಂತಿದೆ. ಎಲ್ರೀ ನಿಮ್ಮ ಬಿಸಿ?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. “ಬಿಸಿ ಬೇಕಿದ್ರೆ ಇನ್ನೊಂದು ಟೀ ತಗೊಳ್ಳಿ” ಎಂದು ಅಂಗಡಿಯವರು ವ್ಯಾಪಾರ ಕುದುರಿಸಿದರು. ನಾವೂ ನಕ್ಕೆವು.

ಆದರೆ ಅದೇ ಬೆಂಚಿನ ಮೇಲೆ ಏಪ್ರಿಲ್ ತಿಂಗಳಲ್ಲಿ ಕೂತು ನೋಡಿ. “ಫ್ಯಾನ್ ಗಾಳಿನೇ ಬೆಂಕಿ ಸಾರ್, ಪ್ರಳಯ ಬಂತು ಅಂತ್ಲೇ ಲೆಕ್ಕ” ಎನ್ನುವವರು ಸಿಗುತ್ತಾರೆ. ಒಬ್ಬರು ಒಂದು ದಿನದ ಚಳಿ ನೋಡಿ ಭೂಮಿಯ ಬಿಸಿ ಸುಳ್ಳು ಎಂದರು. ಇನ್ನೊಬ್ಬರು ಒಂದು ದಿನದ ಸೆಕೆ ನೋಡಿ ಭೂಮಿಯೇ ಮುಗಿಯಿತು ಎಂದರು. ಇಬ್ಬರದೂ ಒಂದೇ ತಪ್ಪು.

ಇದು ಟೀ ಅಂಗಡಿಯ ಹರಟೆಗಷ್ಟೇ ಸೇರಿದ ವಿಷಯವಾಗಿದ್ದರೆ ಈ ಅಂಕಣದ ಜಾಗ ಹಾಳು ಮಾಡುತ್ತಿರಲಿಲ್ಲ. ಈ ಗೊಂದಲದಿಂದ ಗಲ್ಲಾಕ್ಕೂ ಗದ್ದೆಗೂ ಊರಿನ ಮೋರಿಗೂ ನಷ್ಟವಿದೆ. ಅದಕ್ಕೇ ಈ ಮಾತು.

ಎರಡು ಸಂಗತಿ, ಒಂದೇ ಹೆಸರು

ಅರ್ಧ ಗೊಂದಲಕ್ಕೆ ನಾವು ಪತ್ರಿಕೆಯವರೇ ಕಾರಣ ಎಂದು ಒಪ್ಪಿಕೊಳ್ಳುತ್ತೇವೆ. ‘ನಾಳೆ ಗುಡುಗು ಸಹಿತ ಮಳೆ’ ಎಂದು ಹೇಳುವುದಕ್ಕೆ ಹವಾಮಾನ ವರದಿ ಎಂದು ಹೆಸರು. ನೂರು ವರ್ಷದಲ್ಲಿ ಭೂಮಿ ಕಾದದ್ದಕ್ಕೂ ಹವಾಮಾನ ಬದಲಾವಣೆ ಎಂದು ಹೆಸರು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಏನು ಮಾಡಬೇಕು? “ಹವಾಮಾನ ದಿನಾ ಬದಲಾಗುತ್ತಲ್ಲ, ಅದರಲ್ಲೇನು ವಿಶೇಷ?” ಎಂದು ಕೇಳುವುದು ನ್ಯಾಯವೇ.

ನಮ್ಮ ಶಾಲೆಯ ಭೂಗೋಳದ ಪುಸ್ತಕ ಇದನ್ನು ಸರಿಯಾಗಿಯೇ ಬೇರ್ಪಡಿಸಿತ್ತು. ಇವತ್ತು, ನಾಳೆ, ಈ ವಾರ ಆಗುವುದು ಹವಾಮಾನ. ಹತ್ತಾರು ವರ್ಷ ನೋಡಿ ‘ಈ ಸೀಮೆ ಹೀಗೆ’ ಎಂದು ಹೇಳುವುದು ವಾಯುಗುಣ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಮರೆತೆವು, ಅಷ್ಟೇ.

ರೈತರಿಗೆ ಮಾತ್ರ ಇದು ಮೊದಲಿಂದಲೂ ಗೊತ್ತು. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂಬ ಗಾದೆಯಿದೆಯಲ್ಲ, ಅದು ಒಂದು ವರ್ಷದ ಮಾತಲ್ಲ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ನಾಲ್ಕು ಹನಿ ಬಿದ್ದರೆ ಆ ವರ್ಷದ ಬೇಸಾಯ ನೆಟ್ಟಗಾಗುತ್ತದೆ ಎಂದು ತಲೆತಲಾಂತರ ನೋಡಿ ಕಟ್ಟಿದ ಲೆಕ್ಕ. ಅದು ವಾಯುಗುಣ. ಈ ಸಲದ ಭರಣಿ ನಿಮ್ಮ ಹೊಲಕ್ಕೆ ಬಂತೋ, ಪಕ್ಕದ ಊರಿಗೆ ಹೋಯಿತೋ, ಅದು ಹವಾಮಾನ. ಒಂದು ಸಲ ಭರಣಿ ಕೈಕೊಟ್ಟರೆ ಯಾರೂ ಗಾದೆಯನ್ನು ಬಿಡುವುದಿಲ್ಲ. ವರ್ಷವರ್ಷವೂ ಕೈಕೊಡುತ್ತಾ ಹೋದರೆ ಆಗ ಯೋಚನೆ ಬರಬೇಕು.

ಕೊಡೆ ಅಂಗಡಿಯ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಇದನ್ನು ತಿಳಿಯಲು ಪುಸ್ತಕ ಬೇಡ, ಬಸ್ ಟಿಕೆಟ್ ಸಾಕು. ಅರಸೀಕೆರೆಯಲ್ಲಿ ಹತ್ತಿ, ಹಾಸನದಲ್ಲಿ ಬಸ್ಸು ಬದಲಾಯಿಸಿ, ಸಕಲೇಶಪುರದಲ್ಲಿ ಇಳಿಯಿರಿ. ನೂರು ಕಿಲೋಮೀಟರಿನೊಳಗೆ ಎರಡು ವಾಯುಗುಣ. ಆ ಕಡೆ ತೆಂಗು, ರಾಗಿ, ಬತ್ತಿದ ಕೆರೆ. ಈ ಕಡೆ ಕಾಫಿ, ಏಲಕ್ಕಿ, ಗೋಡೆಗೆ ಪಾಚಿ. ವರ್ಷದ ಮಳೆ ತೆಗೆದರೆ ಅರಸೀಕೆರೆಯ ಎರಡು ಮೂರು ಪಟ್ಟು ಸಕಲೇಶಪುರಕ್ಕೆ.

ಈಗ ಒಂದು ದಿನ ಅರಸೀಕೆರೆಯಲ್ಲಿ ಜಡಿಮಳೆ ಹೊಡೆದು, ಅದೇ ದಿನ ಸಕಲೇಶಪುರದಲ್ಲಿ ಬಿಸಿಲು ಕಾಯಬಹುದು. ಅಷ್ಟಕ್ಕೇ ಅರಸೀಕೆರೆಯವರು ಕಾಫಿ ಗಿಡ ನೆಡುತ್ತಾರೆಯೇ? ಇಲ್ಲ. ಒಂದು ದಿನದ ಮಳೆಗೂ ಒಂದು ಸೀಮೆಯ ಸ್ವಭಾವಕ್ಕೂ ವ್ಯತ್ಯಾಸ ಎಲ್ಲರಿಗೂ ಗೊತ್ತು.

ಕೊಡೆ ಮಾರುವವರನ್ನು ಕೇಳಿ. ಬೇಸಿಗೆಯಲ್ಲೇ, ಆಕಾಶದಲ್ಲಿ ಒಂದು ಮೋಡ ಇಲ್ಲದಾಗಲೇ, ಕೊಡೆಗೆ ಆರ್ಡರ್ ಕೊಟ್ಟಿರುತ್ತಾರೆ. ಯಾವ ಧೈರ್ಯದ ಮೇಲೆ? ಜೂನ್ ಬಂದರೆ ಮಲೆನಾಡಿನಲ್ಲಿ ಮಳೆ ಬಂದೇ ಬರುತ್ತದೆ ಎಂಬ ಧೈರ್ಯದ ಮೇಲೆ. ಮಾಲು ತರಿಸುವುದು ವಾಯುಗುಣ ನೋಡಿ, ಮಾರುವುದು ಹವಾಮಾನ ನೋಡಿ. ಸ್ವೆಟರ್ ಅಂಗಡಿಯವರದೂ ಅದೇ ಕಸುಬು. ಹಾಸನಕ್ಕೆ ಬಡವರ ಊಟಿ ಎಂದು ಹೆಸರು ಬಂದದ್ದು ಒಂದು ಮುಂಜಾವಿನ ಚಳಿಯಿಂದಲ್ಲ.

ದಿನದ ಗಲ್ಲಾ, ವರ್ಷದ ಖಾತೆ

ಸೋಮವಾರ ಗಲ್ಲಾದಲ್ಲಿ ಐನೂರು ರೂಪಾಯಿ ಕಮ್ಮಿ ಬಿದ್ದರೆ ಯಾವ ಅಂಗಡಿಯವರೂ ಬಾಗಿಲು ಹಾಕುವುದಿಲ್ಲ. ಹಬ್ಬದ ದಿನ ವ್ಯಾಪಾರ ಜೋರಾದರೆ ಕಾರು ಕೊಳ್ಳುವುದೂ ಇಲ್ಲ. ವರ್ಷದ ಕೊನೆಗೆ ಖಾತೆ ಪುಸ್ತಕ ತೆಗೆದು ಕೂಡುತ್ತಾರೆ, ಹೋದ ವರ್ಷಕ್ಕೆ ಹೋಲಿಸುತ್ತಾರೆ. ಬಸ್ಸಿನವರಿಗೂ ಅಷ್ಟೇ. ಒಂದು ದಿನ ಬಸ್ಸು ತಡವಾದರೆ ಪಂಚರ್ ಇರಬಹುದು. ಆರು ತಿಂಗಳಿಂದ ನಿತ್ಯ ಹತ್ತು ನಿಮಿಷ ತಡವಾದರೆ ರಸ್ತೆಯೋ ಎಂಜಿನ್ನೋ ಕೆಟ್ಟಿದೆ ಎಂದೇ ಅರ್ಥ.

ಮಳೆ ಬಿಸಿಲಿನ ಖಾತೆ ಪುಸ್ತಕಕ್ಕೆ ವಿಶ್ವ ಹವಾಮಾನ ಸಂಸ್ಥೆ ಹಾಕಿರುವ ಅವಧಿ 30 ವರ್ಷ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಲೆಕ್ಕ. ಒಂದು ಒಳ್ಳೆ ವರ್ಷ, ಒಂದು ಕೆಟ್ಟ ವರ್ಷ ಲೆಕ್ಕ ಕೆಡಿಸಬಾರದು ಎಂದೇ ಅಷ್ಟು ಉದ್ದದ ಪುಸ್ತಕ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದರ ಬಳಿ ದೇಶದ ತಾಪಮಾನದ ಲೆಕ್ಕ 1901ರಿಂದ ಇದೆ. ಆ ಪುಸ್ತಕದ ಪ್ರಕಾರ ದೇಶದ ಅತಿ ಬಿಸಿಯ ವರ್ಷ 2024.

ಇನ್ನೊಂದು ವಿಷಯ. ‘ಇಲ್ಲಿ ಚಳಿ’ ಎನ್ನುವ ಮಾತಿನಲ್ಲಿ ‘ಇಲ್ಲಿ’ ಎಂದರೆ ಎಷ್ಟು? ಭೂಮಿಯ ಮೈ 51 ಕೋಟಿ ಚದರ ಕಿಲೋಮೀಟರ್. ನಮ್ಮ ಜಿಲ್ಲೆ ಸುಮಾರು 6,800. ಅಂದರೆ 75 ಸಾವಿರದಲ್ಲಿ ಒಂದು ಪಾಲು. ಒಂದು ಮೂಟೆ ಅಕ್ಕಿಯಲ್ಲಿ ಒಂದು ಕಾಳು ಹಿಚುಕಿ ಮೂಟೆ ಪೂರಾ ಬೆಂದಿದೆಯೋ ಇಲ್ಲವೋ ಹೇಳಿದ ಹಾಗೆ. ಅನ್ನದ ತಪ್ಪಲೆಯಲ್ಲಿ ಒಂದು ಅಗುಳು ಸಾಕು, ನಿಜ. ಏಕೆಂದರೆ ಅಲ್ಲಿ ಇಡೀ ತಪ್ಪಲೆಗೆ ಒಂದೇ ಉರಿ. ಭೂಮಿಗೆ ಹಾಗಿಲ್ಲ.

ಈ ತಪ್ಪನ್ನು ಟೀ ಅಂಗಡಿಯವರಷ್ಟೇ ಮಾಡುತ್ತಾರೆ ಎಂದುಕೊಳ್ಳಬೇಡಿ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟಿನಲ್ಲಿ ಜಿಮ್ ಇನ್‌ಹೋಫ್ ಎಂಬ ಸದಸ್ಯರು ಹೊರಗೆ ಬಿದ್ದಿದ್ದ ಹಿಮದ ಒಂದು ಉಂಡೆ ಕಟ್ಟಿ ಒಳಗೆ ತಂದು ಎಸೆದರು. ಹೊರಗೆ ಇಷ್ಟು ಚಳಿ, ಭೂಮಿ ಎಲ್ಲಿ ಬಿಸಿ ಎಂಬುದು ಅವರ ವಾದ. ಅಮೆರಿಕದ ಪೂರ್ವ ಭಾಗದಲ್ಲಿ ಆಗ ಚಳಿ ಇದ್ದದ್ದು ನಿಜವೇ. ಆದರೆ ಅದಕ್ಕೆ ಹಿಂದಿನ 2014 ಇಡೀ ಭೂಮಿಗೆ ಅಲ್ಲಿಯತನಕದ ಅತಿ ಬಿಸಿಯ ವರ್ಷವಾಗಿತ್ತು. ಆ ಉಂಡೆ ಎಸೆದ 2015 ಅದನ್ನೂ ಮೀರಿಸಿತು. ಉಂಡೆ ಕರಗಿತು, ಲೆಕ್ಕ ಉಳಿಯಿತು.

ಹಾಗಾದರೆ ಈ ಚಳಿ ಎಲ್ಲಿಂದ ಬಂತು?

ಮಫ್ಲರ್ ಹಿರಿಯರ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದು ಕಂಬಳಿಯ ಹಾಗೆ ತಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಆಕಾಶ ಬಿಳಿಚಿ, ಗಾಳಿ ಒಣಗಿ, ಕಂಬಳಿ ಇಲ್ಲದ ರಾತ್ರಿ ಬಂದರೆ ಬೆಳಗಿನ ಹೊತ್ತಿಗೆ ನೆಲ ತಣ್ಣಗಾಗಿರುತ್ತದೆ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಕಮ್ಮಿ ಎತ್ತರದಲ್ಲಿರುವ ಹಾಸನದಲ್ಲಿ ಅದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಭೂಮಿ ಎಷ್ಟೇ ಕಾದರೂ ಇಂಥ ರಾತ್ರಿಗಳು ಇರುತ್ತವೆ.

ಮೋಡ ಒಂದು ರಾತ್ರಿಯ ಕಂಬಳಿ. ನಾವು ಹೊದಿಸುತ್ತಿರುವುದು ಬೇರೆ ಕಂಬಳಿ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಹೊಗೆಯ ಇಂಗಾಲದ ಡೈ ಆಕ್ಸೈಡ್ ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲು ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರುಮಾಡಿದಾಗ ಸುಮಾರು 315. ಈಗ 420 ದಾಟಿದೆ. ಕಂಬಳಿ ದಪ್ಪವಾಗುತ್ತಾ ಬಂತು, ಒಳಗಿನ ಬಿಸಿ ಏರುತ್ತಾ ಬಂತು.

ಬೆಂಗಳೂರಿನ ದಾಖಲೆ ಒಂದು ನೋಡಿ. ಅಲ್ಲಿ ಅತಿ ಚಳಿ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅತಿ ಬಿಸಿ ದಾಖಲಾದದ್ದು 2016ರ ಏಪ್ರಿಲ್ 24ರಂದು, 39.2 ಡಿಗ್ರಿ. ಚಳಿಯ ದಾಖಲೆ ಮುತ್ತಜ್ಜನ ಕಾಲದ್ದು, ಬಿಸಿಯ ದಾಖಲೆ ನಮ್ಮ ಕಾಲದ್ದು. ಹಾಗಂತ ಇದನ್ನೇ ಹಿಡಿದು ಕುಣಿಯಬೇಡಿ. ಬೆಂಗಳೂರಿನಲ್ಲಿ ಕಾಂಕ್ರೀಟಿನ ಬಿಸಿಯೂ ಸೇರಿದೆ. ಒಂದೂರಿನ ಎರಡು ದಿನ ಪುರಾವೆಯಲ್ಲ. ಇಡೀ ದೇಶ ತೆಗೆದರೆ 1901ರಿಂದ 2018ರೊಳಗೆ ಸರಾಸರಿ ಏರಿಕೆ ಸುಮಾರು 0.7 ಡಿಗ್ರಿ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿದೆ. ಪುರಾವೆ ಅಂದರೆ ಅದು.

“ಮುಕ್ಕಾಲು ಡಿಗ್ರಿ ತಾನೇ?” ಎನ್ನಬೇಡಿ. ಸರಾಸರಿ ಎಂಬುದು ಮೈ ಜ್ವರದ ಹಾಗೆ. ಹೊರಗೆ ಬಿಸಿಲು ಹತ್ತು ಡಿಗ್ರಿ ಏರಿಳಿದರೂ ನಾವು ಓಡಾಡುತ್ತೇವೆ. ಥರ್ಮಾಮೀಟರಿನಲ್ಲಿ ಮೈ ಬಿಸಿ ಎರಡು ಡಿಗ್ರಿ ಏರಿದರೆ ಮಲಗುತ್ತೇವೆ.

ಎಲ್ಲಕ್ಕೂ ಅದೇ ಕಾರಣವೇ?

ಈಗ ಇನ್ನೊಂದು ಕಡೆಯವರ ತಪ್ಪಿಗೆ ಬರೋಣ. ಮಳೆ ಬಾರದಿದ್ದರೂ ಭೂಮಿಯ ಬಿಸಿ, ಜಾಸ್ತಿ ಬಂದರೂ ಭೂಮಿಯ ಬಿಸಿ, ಮೋರಿ ಕಟ್ಟಿಕೊಂಡರೂ ಭೂಮಿಯ ಬಿಸಿ ಎನ್ನುವವರು ಹೆಚ್ಚುತ್ತಿದ್ದಾರೆ. ಇದೂ ಸರಿಯಲ್ಲ.

1876ರಿಂದ 78ರ ಧಾತು ಈಶ್ವರ ಬರದಲ್ಲಿ ಹಳೇ ಮೈಸೂರು ಸೀಮೆ ಹಾಳುಬಿತ್ತು. 1871ರ ಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಆಗ ಹೊಗೆ ಬಿಡುವ ಲಾರಿ ಇರಲಿಲ್ಲ, ಕಂಬಳಿ ಇಷ್ಟು ದಪ್ಪ ಇರಲಿಲ್ಲ. ಶಾಂತಸಾಗರದ ನೀರು ಕಾದು ಗಾಳಿಯ ದಿಕ್ಕು ಕೆಡಿಸುವ ಎಲ್ ನಿನೋ ಆಗಲೂ ಇತ್ತು. 2023ರಲ್ಲೂ ಎಲ್ ನಿನೋ ಬಂತು. ಆ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್ ಆಯಿತು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ಮರು ವರ್ಷವೇ ದೇಶದ ಮುಂಗಾರು ವಾಡಿಕೆಗಿಂತ ಹೆಚ್ಚು. ಬರವೂ ನೆರೆಯೂ ಮೊದಲಿಂದಲೂ ಇರುವ ನೆಂಟರು.

ಹಾಗಾದರೆ ಬದಲಾದದ್ದೇನು? ನೆಂಟರು ಬರುವ ಸರದಿ, ಅವರು ತರುವ ಗಂಟು. ಗಾಳಿ ಒಂದು ಡಿಗ್ರಿ ಕಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆದ್ದರಿಂದ ಸುರಿದಾಗ ಜೋರಾಗಿ ಸುರಿಯುತ್ತದೆ. ಅದೇ ಸಚಿವಾಲಯದ ವರದಿ ಇನ್ನೂ ಎರಡು ಮಾತು ಹೇಳಿದೆ. 1951ರಿಂದ 2015ರೊಳಗೆ ದೇಶದ ಮುಂಗಾರಿನ ಒಟ್ಟು ಮಳೆ ಸುಮಾರು ಶೇ. 6 ಇಳಿದಿದೆ, ನಮ್ಮ ಪಶ್ಚಿಮ ಘಟ್ಟವೂ ಆ ಇಳಿಕೆಯಲ್ಲಿದೆ. ಆದರೆ ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಪ್ರಸಂಗಗಳು ಸುಮಾರು ಶೇ. 75 ಏರಿವೆ. ಒಟ್ಟು ಕಮ್ಮಿ, ಒಮ್ಮೆಗೆ ಜಾಸ್ತಿ. ತಿಂಗಳ ಸಂಬಳ ಇಳಿಸಿ, ಅದನ್ನೂ ಒಂದೇ ದಿನ ಕೈಗೆ ಸುರಿದ ಹಾಗೆ.

2024ರ ಜುಲೈ ನೆನಪಿರಬೇಕು. ಸಕಲೇಶಪುರದ ಕಡೆ ಮಳೆ ಬಿಡಲಿಲ್ಲ. ಶಿರಾಡಿ ಘಾಟಿಯಲ್ಲಿ ಹೆದ್ದಾರಿಗೆ ಗುಡ್ಡ ಜರಿಯಿತು. ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣು ಹೋಗಿ ಮಂಗಳೂರಿನ ರೈಲುಗಳು ನಿಂತವು. ಮಂಗಳೂರಿನಿಂದ ಬರುವ ಮಾಲು ಸುತ್ತು ಹಾಕಿ ಬಂತು. ಆ ಮಳೆ ಹವಾಮಾನ. ಅಂಥ ಮಳೆ ಪದೇ ಪದೇ ಬರುವಂತಾದರೆ ಅದು ವಾಯುಗುಣ. ಆದರೆ ರಸ್ತೆಗಾಗಿ ಗುಡ್ಡದ ಪಾದವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದು ಹವಾಮಾನವೂ ಅಲ್ಲ, ವಾಯುಗುಣವೂ ಅಲ್ಲ. ಅದು ಮನುಷ್ಯರ ಕೈಕೆಲಸ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ‘ಪ್ರಕೃತಿ ವಿಕೋಪ’ ಎಂದು ಚೀಟಿ ಅಂಟಿಸಿದರೆ ಯಾರೂ ಉತ್ತರ ಕೊಡಬೇಕಿಲ್ಲ ನೋಡಿ!

ಲೆಕ್ಕಪತ್ರ ಬಲ್ಲವರು ಹೇಗೆ ಮಾತಾಡುತ್ತಾರೆ ಎಂಬುದಕ್ಕೆ ಎರಡು ಉದಾಹರಣೆ. 2022ರ ಮಾರ್ಚ್ ತಿಂಗಳು 1901ರಿಂದೀಚೆಗೆ ದೇಶದ ಅತಿ ಬಿಸಿಯ ಮಾರ್ಚ್. ಆ ಬಿಸಿಗೆ ಭೂಮಿ ಕಾದದ್ದೇ ಕಾರಣವೇ ಎಂದು ವಿಜ್ಞಾನಿಗಳ ಒಂದು ತಂಡ ಲೆಕ್ಕ ಹಾಕಿತು. ‘ಹೌದು’ ಎಂದೂ ಹೇಳಲಿಲ್ಲ, ‘ಇಲ್ಲ’ ಎಂದೂ ಹೇಳಲಿಲ್ಲ. ಅಂಥ ಬಿಸಿ ಬರುವ ಸಂಭವ ಸುಮಾರು 30 ಪಟ್ಟು ಹೆಚ್ಚಿದೆ ಎಂದು ಹೇಳಿತು. ಕವಡೆ ಆಟ ಹಳೆಯದೇ; ಕವಡೆಯ ಒಂದು ಕಡೆಗೆ ಮೇಣ ಮೆತ್ತಿದ್ದೇವೆ.

ಎರಡನೆಯದು 2024ರದು. ಕಾರ್ಖಾನೆಗಳ ಕಾಲಕ್ಕೆ ಮುಂಚಿನದಕ್ಕಿಂತ 1.5 ಡಿಗ್ರಿ ಮೇಲೆ ಹೋಗದಂತೆ ಪ್ರಯತ್ನಪಡುತ್ತೇವೆ ಎಂದು 2015ರಲ್ಲಿ ಪ್ಯಾರಿಸ್ಸಿನಲ್ಲಿ ದೇಶಗಳು ಒಪ್ಪಿದ್ದವು. 2024ರಲ್ಲಿ ಭೂಮಿಯ ಸರಾಸರಿ ಸುಮಾರು 1.55 ಡಿಗ್ರಿ ಮೇಲೆ ಹೋಯಿತು. ಗೆರೆ ದಾಟಿತು ಎಂದು ಬೊಬ್ಬೆ ಎದ್ದಿತು. ಒಂದು ವರ್ಷ ದಾಟಿದರೆ ಗೆರೆ ದಾಟಿದ ಹಾಗಲ್ಲ, ಸುಮಾರು 20 ವರ್ಷಗಳ ಸರಾಸರಿ ನೋಡಬೇಕು ಎಂದು ಬಲ್ಲವರು ತಿದ್ದಿದರು. ಚಳಿಗೊಂದು ನ್ಯಾಯ, ಬಿಸಿಗೊಂದು ನ್ಯಾಯ ಇಲ್ಲ. ಆದರೆ 2015ರಿಂದ 2024ರವರೆಗಿನ ಹತ್ತೂ ವರ್ಷಗಳೇ ಅಲ್ಲಿಯತನಕದ ಅತಿ ಬಿಸಿಯ ಹತ್ತು ವರ್ಷಗಳಾಗಿದ್ದವು ಎಂಬುದನ್ನೂ ಮರೆಯಬೇಡಿ. ಖಾತೆ ಎತ್ತ ಹೋಗುತ್ತಿದೆ ಎಂದು ಅದರಿಂದ ಗೊತ್ತಾಗುತ್ತದೆ.

ನಮ್ಮ ಅಂಗಡಿಗೆ ಏನು ಸಂಬಂಧ?

ಇದೆ ಸ್ವಾಮಿ. 2022ರ ಅದೇ ಮಾರ್ಚ್ ಬಿಸಿ ಉತ್ತರ ಭಾರತದಲ್ಲಿ ಗೋಧಿ ಕಾಳು ಕಟ್ಟುವ ಹೊತ್ತಿಗೆ ಹೊಡೆಯಿತು. ಬೆಳೆ ಸೊರಗಿತು. ಮೇ 13ರಂದು ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಆ ವರ್ಷ ಗಿರಾಕಿಗೆ ಗೋಧಿ ಹಿಟ್ಟಿನ ರೇಟು ಹೇಳುವಾಗ ಯಾರ ಕೈಯಲ್ಲಿ ಬೈಸಿಕೊಂಡಿರಿ ನೆನಪು ಮಾಡಿಕೊಳ್ಳಿ.

ಬ್ರೆಜಿಲ್, ವಿಯಟ್ನಾಂ ದೇಶಗಳಲ್ಲಿ ಮಳೆ ಕೈಕೊಟ್ಟಿತು. 2024-25ರಲ್ಲಿ ಕಾಫಿ ದರ ದಾಖಲೆ ಏರಿತು. ಸಕಲೇಶಪುರ, ಬೇಲೂರು, ಆಲೂರಿನ ಬೆಳೆಗಾರರಿಗೆ ನಗು. ಹಾಸನದ ಹೋಟೆಲಿನವರಿಗೆ ಪುಡಿ ಕೊಳ್ಳುವಾಗ ಅಳು. ಇನ್ನು ಅರಸೀಕೆರೆಯ ತೆಂಗು. ಹೊಂಬಾಳೆ ಬಿರಿದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. 2023ರ ಬರ, 2024ರ ಬೇಸಿಗೆಯ ಪೆಟ್ಟು ಮರಕ್ಕೆ ಬಿದ್ದದ್ದು ಆಗ. ಅದರ ಜೊತೆ ಬಿಳಿ ನೊಣದ ಕಾಟವೂ ಸೇರಿ ಅಂಗಡಿಯಲ್ಲಿ ಕಾಯಿ ತುಟ್ಟಿಯಾದದ್ದು 2025ರಲ್ಲಿ. “ಈ ವರ್ಷ ಮಳೆ ಚೆನ್ನಾಗಿದೆಯಲ್ಲ, ಕಾಯಿ ಯಾಕೆ ರೇಟು?” ಎಂದು ಗಿರಾಕಿ ಕೇಳಿದರೆ ಇದು ಉತ್ತರ.

ಒಂದೊಂದೂ ಒಂದೊಂದು ವರ್ಷದ ಕಥೆ, ಒಪ್ಪಿದೆವು. ಇಂಥ ವರ್ಷಗಳು ಇಪ್ಪತ್ತಕ್ಕೊಮ್ಮೆ ಬಂದರೆ ಅಂಗಡಿ ತಡೆಯುತ್ತದೆ. ಐದಕ್ಕೊಮ್ಮೆ ಬಂದರೆ ಸಾಲದ ಬಡ್ಡಿ ತಡೆಯುವುದಿಲ್ಲ.

ಕೇಳಬೇಕಾದ ಒಂದು ಪ್ರಶ್ನೆ

ಇಷ್ಟೆಲ್ಲ ಬರೆದದ್ದು ಮಫ್ಲರ್ ಹಿರಿಯರನ್ನು ಸೋಲಿಸಲು ಅಲ್ಲ. ನಮ್ಮ ಊರುಗಳ ಮೋರಿ, ಕಾಲುವೆ, ಸೇತುವೆಯ ಕೊಳವೆ, ಕೆರೆಯ ಕೋಡಿ, ಇವೆಲ್ಲ ಕಟ್ಟುವುದು ಹವಾಮಾನ ನೋಡಿ ಅಲ್ಲ. ‘ಈ ಸೀಮೆಯಲ್ಲಿ ಗಂಟೆಗೆ ಇಷ್ಟು ಮಳೆ ಬೀಳುತ್ತದೆ’ ಎಂಬ ವಾಯುಗುಣದ ಲೆಕ್ಕ ನೋಡಿ. ಆ ಲೆಕ್ಕ ಹಳೆಯದಾಗಿದ್ದರೆ ಮೋರಿ ಹೊಸದಾದರೇನು ಬಂತು? ಮೊದಲ ಜೋರು ಮಳೆಗೆ ನೀರು ಅಂಗಡಿಯ ಮೆಟ್ಟಿಲೇರುತ್ತದೆ. ಅಕ್ಕಿ ಮೂಟೆ ನೆನೆದ ಮೇಲೆ “ಹವಾಮಾನ ವೈಪರೀತ್ಯ, ನಾವೇನು ಮಾಡೋಣ” ಎಂಬ ಹೇಳಿಕೆ ಬರುತ್ತದೆ. ವೈಪರೀತ್ಯ ಬರುತ್ತದೆ ಎಂದು ಗೊತ್ತಿದ್ದ ಮೇಲೆ ಅದು ನೆಪ ಆಗುವುದಿಲ್ಲ. ಮೋರಿ ಅಗಲ ಮಾಡಲು ಕಾರಣ ಆಗಬೇಕು.

ಆದ್ದರಿಂದ ನಮ್ಮ ಸಲಹೆ ಒಂದೇ. ಇನ್ನು ಮುಂದೆ ನಿಮ್ಮ ಬೀದಿಯಲ್ಲಿ ಮೋರಿ ಅಗೆದರೆ, ಗುತ್ತಿಗೆದಾರರ ಹೆಸರು, ಹಣದ ಮೊತ್ತ ಬರೆದ ಬೋರ್ಡು ನೋಡಿ ಸುಮ್ಮನಾಗಬೇಡಿ. “ಯಾವ ವರ್ಷದಿಂದ ಯಾವ ವರ್ಷದವರೆಗಿನ ಮಳೆ ಲೆಕ್ಕ ಹಿಡಿದು ಇದರ ಅಗಲ ಇಟ್ಟಿದ್ದೀರಿ?” ಎಂದು ಕೇಳಿ. ವರ್ತಕರ ಸಂಘದವರು ಪತ್ರ ಬರೆದು ಕೇಳಲಿ. ಹೋಬಳಿ, ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳು ನಮ್ಮ ರಾಜ್ಯದಲ್ಲಿವೆ, ಅಂಕಿ ಇಲ್ಲ ಎನ್ನುವಂತಿಲ್ಲ. ಆ ಅಂಕಿಯನ್ನು ಊರಿನ ಚಾವಡಿಯ ಬೋರ್ಡಿನ ಮೇಲೆ ತಿಂಗಳಿಗೊಮ್ಮೆ ಬರೆಯಲಿ. ಚಿನ್ನದ ರೇಟು ಬರೆಯುವ ಹಾಗೆ ಮಳೆಯ ರೇಟನ್ನೂ ಬರೆದರೆ ಹತ್ತು ವರ್ಷದಲ್ಲಿ ಊರಿಗೇ ಒಂದು ಖಾತೆ ಪುಸ್ತಕ ಆಗುತ್ತದೆ.

ಸಕಲೇಶಪುರದ ಬಸ್ಸು ಬಂತು. ಹಿರಿಯರು ಮಫ್ಲರ್ ಬಿಗಿ ಮಾಡಿಕೊಂಡು ಎದ್ದರು. “ಹಾಗಾದ್ರೆ ನನ್ನ ಚಳಿಯೂ ನಿಜ, ನಿಮ್ಮ ಬಿಸಿಯೂ ನಿಜ ಅಂತೀರಿ” ಎಂದರು. ಹೌದು ಎಂದೆವು. “ಮತ್ತೆ ನಮ್ಮ ಅಂಗಡಿ ಮುಂದಿನ ಮೋರಿ?” ಎಂದು ಕೇಳಿದರು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದರು. ಆ ಪ್ರಶ್ನೆಯನ್ನು ಕೇಳಬೇಕಾದ ಕಡೆ ಅವರು ಕೇಳಲಿ, ನೀವೂ ಕೇಳಿ.